ಏಳೂ ಮುಕ್ಕಾಲಿನ ಕೂಗಾಟ: ಕೌನ್ಸೆಲಿಂಗ್‌ಗೆ ಹೋದ ನನ್ನ ಅನುಭವ

ಮಗಳ ಸ್ಕೂಲ್ ವ್ಯಾನ್ ಬರುವುದು 7.50ಕ್ಕೆ. ನಾನು ಕೂಗಾಡಲು ಶುರು ಮಾಡುತ್ತಿದ್ದದ್ದು ಏಳೂ ಮುಕ್ಕಾಲಿಗೆ. ಆರು ವರ್ಷದವಳು ಒಂದು ಶೂ ಕಾಲಿಗೆ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಬಾಗಿಲ ಸಂದಿಯಲ್ಲಿ ಹೋಗುವ ಇರುವೆ ಸಾಲು ನೋಡುತ್ತಾ ಕೂತಿರುತ್ತಿದ್ದಳು. ಒಂದು ದಿನ ಆ ಶೂ ಕಿತ್ತುಕೊಂಡು ಗೋಡೆಗೆ ಎಸೆದುಬಿಟ್ಟೆ. ಅವಳು ಅಳಲಿಲ್ಲ. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

ಅವತ್ತು ವಿಜಯನಗರದಿಂದ ಕುಂದಲಹಳ್ಳಿವರೆಗೆ ಮೆಟ್ರೋದಲ್ಲಿ ಅಳುತ್ತಲೇ ಹೋದೆ. ಸುತ್ತ ಇದ್ದವರೆಲ್ಲ ಫೋನ್‌ನಲ್ಲಿ ಮುಳುಗಿದವರ ಹಾಗೆ ತಲೆ ತಗ್ಗಿಸಿಕೊಂಡರು. ಈ ವಿಷಯದಲ್ಲಿ ಬೆಂಗಳೂರಿನವರು ಬಹಳ ಒಳ್ಳೆಯವರು.

ಮೊದಲು ಹೋದ ಕಡೆ ಸರಿಹೋಗಲಿಲ್ಲ. 20 ನಿಮಿಷ ಕೇಳಿಸಿಕೊಂಡು ಆಕೆ, "ಹೆಣ್ಣುಮಕ್ಕಳಿಗೆ ತಾಳ್ಮೆ ಬೇಕಮ್ಮ, ಸ್ವಲ್ಪ ದಿನ ಕೆಲಸ ಬಿಟ್ಟು ನೋಡಿ" ಎಂದರು. ಇದನ್ನು ನಮ್ಮ ಬೀದಿಯ ಹೂವಮ್ಮನೂ ಹೇಳುತ್ತಾರೆ, ಅದೂ ಪುಕ್ಕಟೆ. ಬೋರ್ಡ್ ಹಾಕಿಕೊಂಡವರೆಲ್ಲ ಒಂದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಆ ನಂಬರ್ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್, ಅವರು ಬೇರೆ.

ಎರಡನೆಯವರು ಸಿಕ್ಕಿದ್ದು ಬಸವನಗುಡಿಯಲ್ಲಿ. ಶನಿವಾರ 11 ಗಂಟೆಗೆ, 50 ನಿಮಿಷ. ಮೊದಲ ದಿನ ಬುದ್ಧಿವಾದ ಏನೂ ಹೇಳಲಿಲ್ಲ. ಪಿಎಚ್‌ಕ್ಯೂ-9 ಅನ್ನುವ ಒಂದು ಹಾಳೆ ಕೊಟ್ಟರು, ಖಿನ್ನತೆ ಎಷ್ಟಿದೆ ಅಂತ ನೋಡುವುದಕ್ಕೆ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿದೆ, ಊಟ ಸೇರುತ್ತಿದೆಯಾ, ಸತ್ತರೆ ಸಾಕು ಅನ್ನಿಸಿದೆಯಾ, ಹೀಗೆ ಒಂಬತ್ತು ಪ್ರಶ್ನೆ. ಆಮೇಲೆ, "ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ಚೆಕ್ ಮಾಡಿಸಿಕೊಂಡು ಬನ್ನಿ" ಅಂದರು. ನಾನು ಮನಸ್ಸಿನ ಕಥೆ ಹೇಳಲು ಹೋದರೆ ಇವರು ರಕ್ತ ಕೇಳುತ್ತಾರಲ್ಲ ಅನ್ನಿಸಿತು. ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ 9.4 ಇತ್ತು. ಹೆಂಗಸರಿಗೆ ಕನಿಷ್ಠ 12 ಇರಬೇಕು. ಎರಡು ವರ್ಷದಿಂದ ನಾನು ನನ್ನನ್ನೇ ಸೋಮಾರಿ ಅಂತ ಬೈದುಕೊಳ್ಳುತ್ತಿದ್ದೆ! ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರು.

ಇನ್ನೊಂದು ವಿಷಯ ನಾನು ಎಣಿಸಿರಲಿಲ್ಲ. ಮೊದಲ ಎರಡು ಸಲ ನಾನು ಇಂಗ್ಲಿಷಿನಲ್ಲೇ ಮಾತಾಡಿದೆ. ಸ್ಟ್ರೆಸ್, ಗಿಲ್ಟ್, ಬರ್ನ್‌ಔಟ್. ಆಫೀಸಿನಲ್ಲಿ ರಿಪೋರ್ಟ್ ಒಪ್ಪಿಸಿದ ಹಾಗಿತ್ತು. ಮೂರನೇ ಸಲ ಮೇಡಂ, "ಇದನ್ನೇ ನಿಮ್ಮ ಅಮ್ಮನ ಹತ್ತಿರ ಹೇಳಬೇಕಾದರೆ ಹೇಗೆ ಹೇಳ್ತೀರಿ?" ಎಂದು ಕೇಳಿದರು. "ಸಾಕಾಗಿ ಹೋಗಿದೆ ಅಮ್ಮ" ಅಂದೆ. ಅಷ್ಟೇ. ಮುಂದಿನ 10 ನಿಮಿಷ ಬರೀ ಅಳು. ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಬೆಳಿಗ್ಗೆ ಆಗುವುದು ಗಡಿಬಿಡಿ, ಅದು ಎದೆಯಲ್ಲಿ. ಮಗಳು ಕಿವಿ ಮುಚ್ಚಿಕೊಂಡಾಗ ಆಗುವುದು ಸಂಕಟ, ಅದು ಹೊಟ್ಟೆಯಲ್ಲಿ. ರಾತ್ರಿ ಪಾತ್ರೆ ತೊಳೆಯುವಾಗ ಗಂಡ ಸೋಫಾದ ಮೇಲೆ ಕಂಡರೆ ಆಗುವುದು ಬರೀ ಹೊಟ್ಟೆ ಉರಿ. ಎಲ್ಲವನ್ನೂ ಸೇರಿಸಿ ನಾನು ಸ್ಟ್ರೆಸ್ ಅಂತ ಒಂದೇ ಮೂಟೆ ಕಟ್ಟಿದ್ದೆ. ಮೂಟೆ ಬಿಚ್ಚಿದ ಮೇಲೆ ಯಾವುದಕ್ಕೆ ಏನು ಮಾಡಬಹುದು ಅಂತ ಕಾಣತೊಡಗಿತು. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಆಮೇಲೆ ಹೋಂವರ್ಕ್. ಕೂಗಿದಾಗಲೆಲ್ಲ ಬರೆದಿಡಬೇಕು: ಎಷ್ಟು ಗಂಟೆ, ಏನಾಯಿತು, ಆ ಕ್ಷಣ ತಲೆಯಲ್ಲಿ ಯಾವ ಮಾತು ಓಡಿತು. ಇದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಅನ್ನುವ, ಯೋಚನೆ ಮತ್ತು ನಡವಳಿಕೆಯನ್ನು ಗಮನಿಸಿ ತಿದ್ದಿಕೊಳ್ಳುವ ಪದ್ಧತಿಯಂತೆ, 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಅನ್ನುವ ವೈದ್ಯರು ಶುರು ಮಾಡಿದ್ದು. ಹಾಲಿನ ಲೆಕ್ಕದ ಡೈರಿಯ ಹಿಂದಿನ ಪುಟಗಳಲ್ಲೇ ಬರೆದೆ. ಎರಡು ವಾರದಲ್ಲಿ 19 ಸಲ ಕೂಗಿದ್ದೆ. ಅದರಲ್ಲಿ 14 ಸಲ ಬೆಳಿಗ್ಗೆ ಏಳೂವರೆಯಿಂದ ಎಂಟು, ಇಲ್ಲವೇ ರಾತ್ರಿ ಎಂಟರಿಂದ ಒಂಬತ್ತರ ಒಳಗೆ. ಎರಡೂ ಹೊತ್ತಿನಲ್ಲಿ ನನ್ನ ಹೊಟ್ಟೆಯಲ್ಲಿ ಕಾಫಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ನಾನು ದಿನವಿಡೀ ಕೂಗಾಡುವ ರಾಕ್ಷಸಿ ಅಂದುಕೊಂಡಿದ್ದೆ. ಲೆಕ್ಕ ನೋಡಿದರೆ ಹಸಿದ ಹೆಂಗಸು.

ಮೂರನೇ ಕಾಲಮ್ಮಿನಲ್ಲಿ ಮತ್ತೆ ಮತ್ತೆ ಬಂದ ಮಾತು "ಇವಳು ಬೇಕಂತಲೇ ಮಾಡ್ತಾಳೆ". ಮೇಡಂ ಅದನ್ನು ಓದಿ, "ಅವಳಿಗೆ ಗಡಿಯಾರ ನೋಡೋಕೆ ಬರುತ್ತಾ?" ಎಂದರು. ಬರುವುದಿಲ್ಲ. ಮುಳ್ಳು ಎಲ್ಲಿದ್ದರೆ ವ್ಯಾನ್ ಬರುತ್ತದೆ ಅಂತ ಗೊತ್ತಿಲ್ಲದ ಮಗುವಿನ ಮೇಲೆ ಟೈಮ್ ಆಯ್ತು, ಟೈಮ್ ಆಯ್ತು ಅಂತ ಅರಚುತ್ತಿದ್ದೆ. ಆ ವಾರವೇ ಗಡಿಯಾರದ ಗಾಜಿನ ಮೇಲೆ, ಎಂಟರ ಅಂಕಿಯ ಹತ್ತಿರ, ಒಂದು ಕೆಂಪು ಬಿಂದಿ ಅಂಟಿಸಿದೆ. ದೊಡ್ಡ ಮುಳ್ಳು ಬಿಂದಿಗೆ ಬರುವ ಹೊತ್ತಿಗೆ ಶೂ ಹಾಕಿರಬೇಕು. ಪ್ರತಿದಿನ ನಡೆಯುತ್ತದೆ ಅನ್ನುವುದಿಲ್ಲ.

ಎರಡನೇ ಮಾತು "ನಾನು ಅಮ್ಮ ಆಗೋಕೆ ಲಾಯಕ್ಕಿಲ್ಲ". ಅದು ಇಷ್ಟು ಸುಲಭವಾಗಿ ಅಲ್ಲಾಡಲಿಲ್ಲ. ಅದಕ್ಕೆ ವಾರಗಟ್ಟಲೆ ಹಿಡಿಯಿತು. ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನಲ್ಲಿ ಒಬ್ಬ ಮಕ್ಕಳ ಡಾಕ್ಟರ್ ಇದ್ದರಂತೆ. ಮಗುವಿಗೆ ಎಲ್ಲ ಸರಿಯಾಗಿ ಮಾಡುವ ಅಮ್ಮ ಬೇಕಿಲ್ಲ, 'ಪರವಾಗಿಲ್ಲ' ಅನ್ನುವಂಥ ಅಮ್ಮ ಸಾಕು, ಮಗು ಬೆಳೆದ ಹಾಗೆ ಅಮ್ಮ ಸ್ವಲ್ಪ ಸ್ವಲ್ಪ ತಪ್ಪುವುದರಿಂದಲೇ ಅದು ಲೋಕಕ್ಕೆ ಹೊಂದಿಕೊಳ್ಳುತ್ತದೆ ಅಂತ 1953ರಲ್ಲೇ ಬರೆದಿದ್ದರು. ಕೇಳುವುದಕ್ಕೆ ಚೆನ್ನಾಗಿತ್ತು, ನಂಬಿಕೆ ಬರಲಿಲ್ಲ. ನಂಬಿಕೆ ಬಂದಿದ್ದು ಇನ್ನೊಂದು ಅಭ್ಯಾಸದಿಂದ. ಕೂಗಿದರೆ, ಸಮಾಧಾನ ಆದ ಮೇಲೆ ವಾಪಸ್ ಹೋಗಿ ಹೇಳಬೇಕು. "ಅಮ್ಮ ಕಿರುಚಿದ್ದು ತಪ್ಪು ಪುಟ್ಟಿ. ಆದರೂ ಶೂ ಹಾಕ್ಕೋಬೇಕು." ಮೊದಲ ಸಲ ಹೇಳುವಾಗ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರ ಹತ್ತಿರ ತಪ್ಪಾಯ್ತು ಅಂದಿದ್ದನ್ನು ನಾನು ನೋಡಿಯೇ ಇರಲಿಲ್ಲ. ತಿಂಗಳ ಮೇಲೆ ಒಂದು ದಿನ ಇವಳು ನನ್ನ ಫೋನ್ ಕೆಳಗೆ ಬೀಳಿಸಿ, ತಾನೇ ಬಂದು ತೋರಿಸಿದಳು. ಮುಂಚೆ ಆಗಿದ್ದರೆ ಮಂಚದ ಕೆಳಗೆ ಬಚ್ಚಿಡುತ್ತಿದ್ದಳು.

ನಡುವೆ ಕೆಲವು ಸಲ ಆನ್‌ಲೈನ್‌ನಲ್ಲಿ ಮಾತಾಡಿದೆ. ಎರಡು ರೂಮಿನ ಮನೆಯಲ್ಲಿ ಗುಟ್ಟಾಗಿ ಮಾತಾಡಲು ಜಾಗ ಎಲ್ಲಿ? ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂರುತ್ತಿದ್ದೆ. ವಾಚ್‌ಮನ್ ಒಂದು ದಿನ ಗಾಜು ತಟ್ಟಿ, "ಹುಷಾರಿಲ್ವಾ ಮೇಡಂ?" ಅಂತ ನೀರಿನ ಬಾಟಲ್ ಕೊಟ್ಟು ಹೋದರು.

ಅತ್ತೆಗೆ ಇದೆಲ್ಲ ಹಿಡಿಸಲಿಲ್ಲ. "ನಾವೇನು ಡಾಕ್ಟರ ಹತ್ತಿರ ಕೂತು ಮಾತಾಡಿ ಮಕ್ಕಳನ್ನ ಸಾಕಿದ್ವಾ?" ಜಗಳ ಆಡಬೇಡಿ, ಆಗ ಮನೆಯಲ್ಲಿ ಯಾರ್ಯಾರು ಇದ್ದರು ಅಂತ ಕೇಳಿ ಅಂದರು ಮೇಡಂ. ಕೇಳಿದೆ. ತಿಪಟೂರಿನ ಮನೆಯಲ್ಲಿ 11 ಜನ. ಮಗು ಅತ್ತರೆ ಎತ್ತಿಕೊಳ್ಳಲು ನಾದಿನಿ, ಓರಗಿತ್ತಿ, ಪಕ್ಕದ ಮನೆಯ ಅಜ್ಜಿ. ಎಣಿಸುತ್ತಾ ಎಣಿಸುತ್ತಾ ಅವರೇ ಸುಮ್ಮನಾದರು. "ಇಲ್ಲಿ ನೀನೊಬ್ಬಳೇ ಅಲ್ವೇನೇ" ಅಂದರು. ಹಾಗಂತ ಆಮೇಲೆ ಚುಚ್ಚುವುದು ಪೂರ್ತಿ ನಿಂತಿತು ಅಂತಲ್ಲ.

ಥೆರಪಿಯಿಂದ ಕೆಲಸ ಕಮ್ಮಿ ಆಗುವುದಿಲ್ಲ, ಇದು ಗೊತ್ತಿರಲಿ. ಕೆಲಸ ಹಂಚಿಕೊಳ್ಳಲೇಬೇಕು. ಒಂದು ಶನಿವಾರ ನನ್ನವರೂ ಬಂದರು. "ನಾನು ಹೆಲ್ಪ್ ಮಾಡ್ತೀನಲ್ಲ" ಅನ್ನುವುದು ಅವರ ವಾದ. ಮೇಡಂ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ನೀವು ಮಾಡುವ ಕೆಲಸ ಬೇಡ, ನೆನಪಿಟ್ಟುಕೊಳ್ಳುವ ಕೆಲಸ ಬರೆಯಿರಿ ಅಂದರು. ಲಸಿಕೆ, ಗ್ಯಾಸ್ ಬುಕ್ಕಿಂಗ್, ಕ್ಲಾಸ್ ಗ್ರೂಪಿನ ಮೆಸೇಜ್, ನಾಳೆಯ ಡಬ್ಬಿ, ಉಗುರು. ನನ್ನದು 31 ಸಾಲು, ಅವರದು 6. "ಉಗುರು ಕತ್ತರಿಸೋದನ್ನೂ ನೆನಪಿಟ್ಕೋಬೇಕಾ?" ಅಂತ ಕೇಳಿ, ಆಮೇಲೆ ಆ ಹಾಳೆಯನ್ನು ಇನ್ನೊಂದು ಸಲ ಓದಿದರು. ನಾಲ್ಕು ಸಾಲು ಪೂರ್ತಿ ತಮ್ಮ ಕಡೆಗೆ ತೆಗೆದುಕೊಂಡರು. ನಾನು ನೆನಪಿಸುವ ಹಾಗಿಲ್ಲ, ಅದು ಷರತ್ತು.

ಒಂದೊಂದು ಭೇಟಿಗೆ ನಾನು ಕೊಟ್ಟಿದ್ದು 1,200 ರೂಪಾಯಿ. ಎಲ್ಲರಿಗೂ ಆಗುವ ಮಾತಲ್ಲ. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. 14416 ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮಗುವಿಗೋ ನಿಮಗೋ ಏನಾದರೂ ಮಾಡಿಕೊಂಡುಬಿಡುತ್ತೇನೆ ಅನ್ನುವ ಯೋಚನೆ ಬಂದರೆ ಶನಿವಾರದವರೆಗೆ ಕಾಯಬೇಡಿ. ತಕ್ಷಣ ಹತ್ತಿರದವರಿಗೆ ಹೇಳಿ, ಆಸ್ಪತ್ರೆಗೆ ಹೋಗಿ.

ಈಗ ತಿಂಗಳಿಗೊಂದು ಸಲ ಹೋಗುತ್ತೇನೆ. ಏಳೂ ಮುಕ್ಕಾಲಿಗೆ ಮುಂಚೆ ಎರಡು ಇಡ್ಲಿ ತಿನ್ನುತ್ತೇನೆ. ಹೋದ ತಿಂಗಳು ಸ್ಕೂಲಿನಲ್ಲಿ ಹಳದಿ ಬಟ್ಟೆಯ ದಿನ. ಕ್ಲಾಸ್ ಗ್ರೂಪ್ ಈಗ ನನ್ನವರದು, ಅವರು ಮೆಸೇಜ್ ನೋಡಿರಲಿಲ್ಲ. ನಾನು ನೋಡಿದ್ದೆ. ನಾಲಿಗೆ ತುದಿಯವರೆಗೆ ಬಂದಿದ್ದನ್ನು ನುಂಗಿಕೊಂಡೆ. ಇವಳೊಬ್ಬಳೇ ಯೂನಿಫಾರ್ಮಿನಲ್ಲಿ ಹೋದಳು. ಟೀಚರ್ ಕೈಗೊಂದು ಹಳದಿ ರಿಬ್ಬನ್ ಕಟ್ಟಿ ಕಳಿಸಿದ್ದರು, ಮಲಗುವವರೆಗೂ ಬಿಚ್ಚಲಿಲ್ಲ. ಈ ವಾರ ನೀಲಿ ಬಣ್ಣ. ಹಿಂದಿನ ರಾತ್ರಿಯೇ ಅವರು ಫ್ರಾಕ್ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಿದ್ದರು. ತೋಳು ಸುಕ್ಕಾಗಿಯೇ ಇತ್ತು.