ಊರಿನ ನಲಿ-ಕಲಿ ಶಾಲೆಯನ್ನು ಮಗಳಿಗಾಗಿ ಪರಿಶೀಲಿಸಿದ ಬಗೆ

ಮಗಳನ್ನು ಒಂದನೆಯ ತರಗತಿಗೆ ಸೇರಿಸುವ ವರ್ಷ ನಮ್ಮ ಮುಂದೆ ಎರಡೇ ದಾರಿಗಳಿದ್ದವು. ತಾಲ್ಲೂಕು ಕೇಂದ್ರಕ್ಕೆ ದಿನವೂ ವ್ಯಾನಿನಲ್ಲಿ ಕಳುಹಿಸಬೇಕಾದ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆ ಒಂದು. ಮನೆಯಿಂದ ನಡೆದೇ ಹೋಗಬಹುದಾದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇನ್ನೊಂದು. ಈ ಎರಡನೆಯದರಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ಎಲ್ಲರೂ ಸೇರಿ ಮೂವತ್ತಕ್ಕಿಂತ ಕಡಿಮೆ ಮಕ್ಕಳು, ಇಬ್ಬರು ಶಿಕ್ಷಕರು. ಮೊದಲ ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ನಲಿ-ಕಲಿ ಪದ್ಧತಿಯಲ್ಲಿ, ಅಂದರೆ ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನದೇ ವೇಗದಲ್ಲಿ, ಕಲಿಯುತ್ತಾರೆ. ಊರಿನಲ್ಲಿ ಕೈಲಾದವರು ಆ ಶಾಲೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಅಲ್ಲಿ ಪುಸ್ತಕ ಇಲ್ಲ, ಹೋಂವರ್ಕ್ ಇಲ್ಲ, ಬರೀ ಆಟ" ಎನ್ನುವುದು ಎಲ್ಲರ ಮಾತು. ಹಾಗೆ ಹೇಳುವವರಲ್ಲಿ ಕೋಣೆಯೊಳಗೆ ಹೋಗಿ ಕುಳಿತು ನೋಡಿದವರು ನನಗೆ ಒಬ್ಬರೂ ಸಿಗಲಿಲ್ಲ.

ನಲಿ-ಕಲಿ ಹುಟ್ಟಿದ್ದು ನಮ್ಮ ಮೈಸೂರು ಜಿಲ್ಲೆಯಲ್ಲೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು, ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ಕಲಿಕಾ ಕಾರ್ಡುಗಳನ್ನು ತಾವೇ ಬರೆದು ಇದನ್ನು ಆರಂಭಿಸಿದರು. 2009-10ರಿಂದ ಅದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಕೆಲವು ಶಿಕ್ಷಕರು ತಾವಾಗಿ ಬಯಸಿ ಕಟ್ಟಿದ ಒಂದು ಪದ್ಧತಿ ಆದೇಶದ ಮೂಲಕ ಎಲ್ಲೆಡೆ ಹೋದಾಗ, ಕೆಲವು ಕಡೆ ಅದು ನಡೆಯುತ್ತದೆ, ಕೆಲವು ಕಡೆ ಗೋಡೆಯ ಮೇಲಷ್ಟೇ ಇರುತ್ತದೆ. ಆದ್ದರಿಂದ ನಲಿ-ಕಲಿ ಒಳ್ಳೆಯದೋ ಅಲ್ಲವೋ ಎಂಬ ಚರ್ಚೆಯನ್ನು ಬದಿಗಿಟ್ಟು, ಈ ಒಂದು ಕೋಣೆಯಲ್ಲಿ ಅದು ನಿಜವಾಗಿ ನಡೆಯುತ್ತಿದೆಯೇ ಎಂಬುದನ್ನು ಮಾತ್ರ ನಾನು ತಿಳಿಯಬೇಕಾಗಿತ್ತು.

ಮೊದಲು ಕಾಗದಪತ್ರ. ಪ್ರತಿ ಶಾಲೆಗೂ ಸರ್ಕಾರದ ಶಾಲಾ ಮಾಹಿತಿ ದಾಖಲೆಯಲ್ಲಿ ಹನ್ನೊಂದು ಅಂಕಿಗಳ ಗುರುತಿನ ಸಂಖ್ಯೆ, ಯುಡೈಸ್ ಸಂಖ್ಯೆ, ಇರುತ್ತದೆ. ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ. ಅದನ್ನು ಹಿಡಿದು ದಾಖಲಾತಿ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯಗಳ ವಿವರವನ್ನು ಯಾರು ಬೇಕಾದರೂ ನೋಡಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಇರಬೇಕು. ನಮ್ಮ ಶಾಲೆಯಲ್ಲಿ ಇಬ್ಬರಿದ್ದರು, ಇಬ್ಬರೂ ಕಾಯಂ. ಕಾಗದದಿಂದ ಇದಕ್ಕಿಂತ ಹೆಚ್ಚು ತಿಳಿಯುವುದಿಲ್ಲ.

ಆಮೇಲೆ ಮುಖ್ಯ ಶಿಕ್ಷಕರನ್ನು ಕಂಡು, ಸೇರಿಸುವ ಮೊದಲು ತರಗತಿಯಲ್ಲಿ ಕುಳಿತು ನೋಡಬಹುದೇ ಎಂದು ಕೇಳಿದೆ. "ಬನ್ನಿ ಸಾರ್, ನಮ್ಮದೇನೂ ಮುಚ್ಚುಮರೆ ಇಲ್ಲ. ಆದ್ರೆ ಮೂಲೇಲಿ ಕೂತ್ಕೊಳ್ಳಿ, ಮಕ್ಕಳಿಗೆ ಉತ್ತರ ಹೇಳ್ಕೊಡೋಕೆ ಮಾತ್ರ ಹೋಗ್ಬೇಡಿ" ಎಂದರು. ಖಾಸಗಿ ಶಾಲೆಯಲ್ಲಿ ಇದೇ ಮಾತನ್ನು ಕೇಳಿದಾಗ ಕಚೇರಿಯವರು ಶುಲ್ಕದ ಪಟ್ಟಿ ಕೊಟ್ಟು, ಗೇಟಿನಿಂದಾಚೆ ಪೋಷಕರಿಗೆ ಪ್ರವೇಶವಿಲ್ಲ ಎಂದಿದ್ದರು. ಅದೊಂದೇ ಕಾರಣಕ್ಕೆ ಶಾಲೆಯನ್ನು ಆರಿಸಲಾಗುವುದಿಲ್ಲ, ನಿಜ. ಆದರೆ ನನ್ನ ಮನಸ್ಸಿನ ತಕ್ಕಡಿ ಅಲ್ಲಿಯೇ ಸ್ವಲ್ಪ ವಾಲಿತ್ತು ಎಂಬುದನ್ನು ಮರೆಮಾಚಲಾರೆ.

ನಲಿ-ಕಲಿ ಕೋಣೆಯಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿಯಾಗಿ ಗೋಡೆಗೆ ಹಾಕಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಚಿಹ್ನೆ, ಅದಕ್ಕೆ ಹೊಂದುವ ಒಂದು ಕಾರ್ಡು. ಮಗು ತಾನು ಎಲ್ಲಿದ್ದೇನೆಂದು ಏಣಿಯಲ್ಲಿ ನೋಡಿ, ಟ್ರೇಯಿಂದ ಆ ಕಾರ್ಡನ್ನು ತೆಗೆದುಕೊಂಡು, ಆ ಚಟುವಟಿಕೆಗೆ ನಿಗದಿಯಾದ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಭಾಗಶಃ, ಕೆಲವಕ್ಕೆ ಗೆಳೆಯರ ಸಹಾಯ, ಕೊನೆಯದರಲ್ಲಿ ಸ್ವಕಲಿಕೆ. ಸುಗ್ಗಿಗೋ ಜಾತ್ರೆಗೋ ವಾರ ತಪ್ಪಿಸಿಕೊಂಡ ಮಗು, ಬಂದ ದಿನ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಅಕ್ಷರಗಳೂ ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ, ಆಮೇಲೆ ಜ, ವ, ಮ, ಬ, ನ. ಐದು ಅಕ್ಷರ ಕಲಿಯುವಷ್ಟರಲ್ಲಿ ಮಗು 'ಅರಸ', 'ಸರ', 'ಗರಗಸ' ಎಂದು ಓದಲು ತೊಡಗುತ್ತದೆ. ಅಆಇಈ ಎಂದು ಬಾಯಿಪಾಠ ಒಪ್ಪಿಸದ ಮೊಮ್ಮಗುವನ್ನು ಕಂಡು ಊರಿನ ಅಜ್ಜಿಯರು ಗಾಬರಿಯಾಗುವುದು ಈ ಕಾರಣಕ್ಕೇ.

ಕುಳಿತು ನೋಡುವಾಗ ನಾನು ಇಡೀ ಕೋಣೆಯನ್ನು ಬಿಟ್ಟು ಒಂದೊಂದು ಸಲಕ್ಕೆ ಒಂದೇ ಮಗುವನ್ನು ಹಿಂಬಾಲಿಸಿದೆ. ಎರಡನೆಯ ತರಗತಿಯ ಒಬ್ಬ ಹುಡುಗ ಕಾರ್ಡು ತೆಗೆದುಕೊಂಡು ಬಂದ, ಚಾಪೆಯ ಮೇಲೆ ಕುಳಿತ, ಸ್ವಲ್ಪ ಹೊತ್ತು ಬರೆದ, ಒಂದು ಪದದ ಬಳಿ ನಿಂತ. ಪಕ್ಕದಲ್ಲಿದ್ದ ಮೂರನೆಯ ತರಗತಿಯ ಹುಡುಗಿ ಪದವನ್ನು ಹೇಳಿಬಿಡದೆ, ಒತ್ತಕ್ಷರದ ಮೇಲೆ ಬೆರಳಿಟ್ಟು ಅವನಿಂದಲೇ ಹೇಳಿಸಿದಳು. ಮುಗಿದ ಮೇಲೆ ಅವನು ಟೀಚರ್ ಬಳಿ ಹೋದ. ಅವರು ಬರೆದದ್ದನ್ನು ನೋಡಿ, ಇನ್ನೆರಡು ಪದ ಕೇಳಿ, ಯಾವ ಮಗು ಯಾವ ಮೆಟ್ಟಿಲು ಮುಗಿಸಿದೆ ಎಂದು ದಾಖಲಿಸುವ ಪ್ರಗತಿ ನೋಟದಲ್ಲಿ ಗುರುತು ಹಾಕಿದರು. ಕೇಳದೆ ಗುರುತು ಹಾಕಿದ್ದರೆ ನಾನು ಬೇರೆ ತೀರ್ಮಾನಕ್ಕೆ ಬರುತ್ತಿದ್ದೆ.

ಆದರೆ ಹೊರಗಿನವರು ಬಂದು ಕೂತ ದಿನ ಎಲ್ಲರೂ ಚೆನ್ನಾಗಿಯೇ ಪಾಠ ಮಾಡಬಹುದು. ಹಾಗಾಗಿ ಊಟದ ಬಿಡುವಿನಲ್ಲಿ ಟ್ರೇಗಳನ್ನು ನೋಡಿದೆ. ಕಾರ್ಡುಗಳು ಸುಳ್ಳು ಹೇಳುವುದಿಲ್ಲ. ಬಳಕೆಯಲ್ಲಿರುವ ಕಾರ್ಡಿನ ಅಂಚು ಸವೆದಿರುತ್ತದೆ, ಮೂಲೆ ಮಡಚಿರುತ್ತದೆ, ಎಣ್ಣೆ ಕೈಯ ಗುರುತಿರುತ್ತದೆ. ಮೊದಲ ಮೆಟ್ಟಿಲುಗಳ ಕಾರ್ಡು ಮಾತ್ರ ಸವೆದು ಕೊನೆಯವು ಹೊಸದರಂತೆ ಇದ್ದರೆ, ಮಕ್ಕಳು ಅಲ್ಲಿಯವರೆಗೆ ತಲುಪುತ್ತಿಲ್ಲವೆಂದೇ ಅರ್ಥ. ಇಲ್ಲಿ ಕನ್ನಡದ ಕಾರ್ಡುಗಳು ಕೊನೆಯವರೆಗೂ ಸವೆದಿದ್ದವು. ಗಣಿತದಲ್ಲಿ ದಶಕ ಬಿಡಿಸಿ ಕಳೆಯುವ ಲೆಕ್ಕದಿಂದ ಮುಂದಿನವು ಅಷ್ಟಾಗಿ ಸವೆದಿರಲಿಲ್ಲ. ಅದನ್ನು ಹೇಳಿದಾಗ ಟೀಚರ್ ಬೇಸರಿಸದೆ, ಅಲ್ಲಿ ಮಕ್ಕಳು ನಿಜಕ್ಕೂ ನಿಲ್ಲುತ್ತಾರೆ, ಕಡ್ಡಿ ಕಟ್ಟುಗಳನ್ನಿಟ್ಟು ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ ಎಂದರು. ನಾನು ಕೊಂಡೊಯ್ದಿದ್ದ, ಆ ಮಕ್ಕಳು ಕಾಣದ ಒಂದು ಕಥೆ ಪುಸ್ತಕವನ್ನು ಮೂರನೆಯ ತರಗತಿಯವರಿಗೆ ಕೊಟ್ಟು ಓದಿಸಿದೆ. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ತಡವರಿಸದೆ ಓದಿದರು.

ಇಬ್ಬರು ಶಿಕ್ಷಕರ ಶಾಲೆಯ ನಿಜವಾದ ಪರೀಕ್ಷೆ ಒಬ್ಬರೇ ಇರುವ ದಿನ. ತರಬೇತಿ, ಮತದಾರರ ಪಟ್ಟಿಯ ಬಿ.ಎಲ್.ಓ. ಕೆಲಸ, ಸಮೀಕ್ಷೆ ಎಂದು ಒಬ್ಬರು ಹೊರಗೆ ಹೋಗುವುದು ತಪ್ಪದು. ಅಂಥ ದಿನವೂ ಹೋಗಿ ನೋಡಿದೆ. ಐದೂ ತರಗತಿಗಳನ್ನು ಟೀಚರ್ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಚಿಕ್ಕ ಮಕ್ಕಳು ಹೆಚ್ಚುಕಡಿಮೆ ತಮ್ಮ ಪಾಡಿಗೆ ಕಾರ್ಡು ತೆಗೆದುಕೊಂಡು ಕುಳಿತಿದ್ದರು. ಪಠ್ಯಪುಸ್ತಕದ ಪಾಠ ನಡೆಯಬೇಕಾಗಿದ್ದ ನಾಲ್ಕು, ಐದನೆಯವರೇ ಹೆಚ್ಚು ಗಲಾಟೆ ಮಾಡುತ್ತಿದ್ದರು. ಈ ಪದ್ಧತಿಯ ಬಗ್ಗೆ ನನಗೆ ನಂಬಿಕೆ ಬಂದದ್ದು ಆ ದಿನವೇ, ಮುಂದಿನ ತರಗತಿಗಳ ಬಗ್ಗೆ ಅನುಮಾನ ಹುಟ್ಟಿದ್ದೂ ಆ ದಿನವೇ.

ಊಟ, ನೀರು, ಶೌಚಾಲಯಗಳ ವಿಷಯದಲ್ಲಿ ಹೇಳುವುದು ಕಡಿಮೆ. ಬಿಸಿಯೂಟ ಸ್ವಚ್ಛವಾಗಿತ್ತು, ಹಾಲು ಸಮಯಕ್ಕೆ ಕೊಡುತ್ತಿದ್ದರು. ಹೆಣ್ಣುಮಕ್ಕಳ ಶೌಚಾಲಯ ದಾಖಲೆಯಲ್ಲಿರುವುದು ಬೇರೆ, ಬೀಗವಿಲ್ಲದೆ ನೀರಿನೊಂದಿಗೆ ಇರುವುದು ಬೇರೆ. ಹೆಂಡತಿ ಹೋಗಿ ನೋಡಿ ಬಂದಳು, ನೀರಿತ್ತು.

ಮನೆಯಲ್ಲಿ ನಿಜವಾದ ವಾದ ನಡೆದದ್ದು ಇಂಗ್ಲಿಷಿನ ಬಗ್ಗೆ. "ಅಳಿಯಂದಿರೇ, ನಮ್ಮ ಕಾಲ ಬೇರೆ, ಈ ಮಗೂಗೆ ನೀವು ಇಂಗ್ಲಿಷ್ ತಪ್ಪಿಸಬೇಡಿ" ಎಂದು ಮಾವನವರು ಪಟ್ಟು ಹಿಡಿದರು. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಆದರೆ ಇಲ್ಲಿ ನಾನು ಕಂಡಂತೆ ಅದು ಹಾಡು ಮತ್ತು ಬಿಡಿ ಪದಗಳನ್ನು ದಾಟಿರಲಿಲ್ಲ. ಅದೊಂದು ಕೊರತೆಯೇ, ಅದಕ್ಕೆ ಸಮಜಾಯಿಷಿ ಬೇಡ. ಇನ್ನೊಂದು ಕಡೆ, ವ್ಯಾನಿನಲ್ಲಿ ಹೋಗಿಬರುತ್ತಿದ್ದ ಪಕ್ಕದ ಮನೆಯ ಹುಡುಗ ಇಂಗ್ಲಿಷ್ ಪಠ್ಯದ ಉತ್ತರಗಳನ್ನು ನೋಡದೆ ಬರೆಯುತ್ತಿದ್ದ, ಆದರೆ ಆ ವಾಕ್ಯದ ಅರ್ಥ ಕೇಳಿದರೆ ಸುಮ್ಮನಾಗುತ್ತಿದ್ದ. ಒಂದು ಭಾಷೆಯಲ್ಲಿ ಓದು ಗಟ್ಟಿಯಾದ ಮೇಲೆ ಇನ್ನೊಂದನ್ನು ಮನೆಯಲ್ಲಿ ಕಲಿಸಬಹುದೆಂದು ನಾನೂ ಹೆಂಡತಿಯೂ ಒಪ್ಪಿಕೊಂಡು, ಸಂಜೆ ಅರ್ಧ ಗಂಟೆ ಅದಕ್ಕೆ ಮೀಸಲಿಟ್ಟೆವು. ಮಾವನವರು ಇನ್ನೂ ಪೂರ್ತಿ ಒಪ್ಪಿಲ್ಲ.

ಎಲ್ಲಕ್ಕಿಂತ ಉಪಯುಕ್ತವಾದ ಮಾಹಿತಿ ಸಿಕ್ಕಿದ್ದು ನಮ್ಮ ಶಾಲೆಯಲ್ಲಿ ಅಲ್ಲ, ಐದನೆಯ ತರಗತಿ ಮುಗಿಸಿದವರು ಹೋಗಿ ಸೇರುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಆರನೆಯ ತರಗತಿಗೆ ಪಾಠ ಮಾಡುವ ಮೇಷ್ಟ್ರನ್ನು ಕಂಡು, ನಮ್ಮ ಊರಿನಿಂದ ಬರುವ ಮಕ್ಕಳು ಹೇಗಿರುತ್ತಾರೆ ಎಂದು ಕೇಳಿದೆ. ಓದುವುದರಲ್ಲಿ, ಎದ್ದುನಿಂತು ಪ್ರಶ್ನೆ ಕೇಳುವುದರಲ್ಲಿ ಮುಂದಿರುತ್ತಾರೆ, ಉದ್ದದ ಉತ್ತರ ಬರೆಯುವುದರಲ್ಲಿ ಹಿಂದೆ, ಪರೀಕ್ಷೆಯ ಸಮಯದೊಳಗೆ ಮುಗಿಸುವುದು ಅವರಿಗೆ ಅಭ್ಯಾಸವಿಲ್ಲ ಎಂದು ಅವರು ನೇರವಾಗಿ ಹೇಳಿದರು. ಒಂದು ಶಾಲೆಯ ಬಗ್ಗೆ ಅದರ ಮಕ್ಕಳನ್ನು ಮುಂದೆ ಪಡೆಯುವವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ.

ಮಗಳನ್ನು ಊರಿನ ಶಾಲೆಗೇ ಸೇರಿಸಿದೆವು. ಮರುವರ್ಷ ನಾನು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಸದಸ್ಯನಾದೆ. ಮಕ್ಕಳ ಸಂಖ್ಯೆ ಇನ್ನಷ್ಟು ಕುಸಿದರೆ ಒಬ್ಬ ಶಿಕ್ಷಕರನ್ನು ಹೆಚ್ಚುವರಿ ಎಂದು ಬೇರೆಡೆಗೆ ಕಳುಹಿಸುವ ಭಯ ಪ್ರತಿ ಜೂನ್‌ನಲ್ಲೂ ಇದ್ದೇ ಇರುತ್ತದೆ, ಹಾಗಾಗಿ ದಾಖಲಾತಿಯ ಸಮಯದಲ್ಲಿ ನಾವು ಕೆಲವು ಪೋಷಕರು ಮನೆ ಮನೆಗೆ ಹೋಗುತ್ತೇವೆ. ಮಗಳು ಈಗ ಮೂರನೆಯ ತರಗತಿಯಲ್ಲಿದ್ದಾಳೆ. ಬರುವ ವರ್ಷ ಅವಳು ಕಾರ್ಡುಗಳನ್ನು ಬಿಟ್ಟು ಪಠ್ಯಪುಸ್ತಕಕ್ಕೆ ಹೋಗಬೇಕು. ಆರನೆಯ ತರಗತಿಯ ಮೇಷ್ಟ್ರು ಹೇಳಿದ್ದನ್ನು ಕಳೆದ ಸಭೆಯಲ್ಲಿ ಪ್ರಸ್ತಾಪಿಸಿ, ಮೂರನೆಯವರಿಗೆ ಜನವರಿಯಿಂದ ವಾರಕ್ಕೆ ಎರಡು ಮಧ್ಯಾಹ್ನ ನಾಲ್ಕನೆಯ ತರಗತಿಯ ಜೊತೆ ಕೂರಿಸಿ ಬರೆಯುವ ಅಭ್ಯಾಸ ಮಾಡಿಸಬೇಕೆಂದು ಕೇಳಿದೆವು. ಮುಖ್ಯ ಶಿಕ್ಷಕರು ಒಪ್ಪಿದ್ದಾರೆ, ಅದಕ್ಕೆ ಬೇಕಾದ ಗೆರೆ ಪುಸ್ತಕಗಳನ್ನು ಪೋಷಕರೇ ಕೊಡಿಸುವುದೆಂದು ತೀರ್ಮಾನವಾಗಿದೆ.