ಆಗುಂಬೆ ಘಾಟಿ: ಹಲ್ಲು ಬದಲಿಸಿದೆ, ಹತ್ತಿದೆ

ಹೋದ ರಜೆಯಲ್ಲಿ ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ಸೈಕಲ್ಲಿನಲ್ಲಿ ಹತ್ತಲು ಹೊರಟೆ. ಹೆಂಡತಿ ಕಾರಿನಲ್ಲಿ. ಒಟ್ಟು 14 ತಿರುವು. ನಾಲ್ಕನೆಯದಕ್ಕೇ ಮಂಡಿ ನೋವು, ಸೈಕಲ್ ತಳ್ಳಿದೆ. ಫೋನಿಗೆ ನೆಟ್‌ವರ್ಕ್ ಇಲ್ಲ. ನೀರೆಲ್ಲಾ ಅವಳ ಹತ್ತಿರ, ಅವಳು ಎಲ್ಲೋ ಮೇಲೆ!

ತಪ್ಪು ಗೇರಿನದು. ಪೆಡಲ್ ಹತ್ತಿರದ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ ಬರೀ 25. ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ 1.36 ಸುತ್ತು, ಏರಿನಲ್ಲಿ ಕಾಲಿಗೆ ಭಾರ. ಹಿಂದೆಯೂ 34 ಹಾಕಿಸಿದೆ, ಈಗ ಒಂದಕ್ಕೆ ಒಂದು. ಜೊತೆಗೆ ಉದ್ದದ ಚೈನ್, ಬೇರೆ ಡಿರೇಲರ್ (ಗೇರ್ ಬದಲಿಸಲು ಚೈನ್ ಸರಿಸುವ ಭಾಗ) ಬೇಕಾಯಿತು. ಅಂಗಡಿಯವನು ಅದನ್ನು ಮೊದಲೇ ಹೇಳಬಾರದಿತ್ತೇ?

ಕಾರಿನ ಬಗ್ಗೆಯೂ ಹೆಂಡತಿ ಜೊತೆ ಒಪ್ಪಂದವಾಯಿತು. ತಿರುವಿನಲ್ಲಿ ನಿಲ್ಲುವಂತಿಲ್ಲ, ಬಸ್ಸಿಗೆ ಜಾಗ ಬೇಕಲ್ವಾ. ಭೇಟಿ ಮೇಲೆ, ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ. ಎರಡು ಬಾಟಲಿ ನೀರು ನನ್ನ ಸೈಕಲ್ಲಿನಲ್ಲೇ.

ಮೊನ್ನೆ ಒಮ್ಮೆಯೂ ಕಾಲು ಊರದೆ ಹತ್ತಿದೆ. ಅವಳು ಕಾರಿನಲ್ಲಿ ಗಾಢ ನಿದ್ದೆಯಲ್ಲಿದ್ದಳು.