ಕೆಲಸದವರ ಜೊತೆ ಮಾತು, ಪತ್ರ, ಕಾನೂನು: ಸಣ್ಣ ಕಂಪನಿ ನಡೆಸೋರು ತಿಳ್ಕೊಳ್ಬೇಕಾದ್ದು

ಹದಿನೈದು ಇಪ್ಪತ್ತು ಜನ ಇಟ್ಕೊಂಡು ಕಂಪನಿ ನಡೆಸೋ ಕಡೆ ಎಚ್‌ಆರ್ ಅಂತ ಬೇರೆ ಯಾರೂ ಇರಲ್ಲ, ಸಂಬಳದಿಂದ ಹಿಡಿದು ಜಗಳದ ತನಕ ಎಲ್ಲಾ ಓನರ್ ತಲೆ ಮೇಲೇನೆ. ವಿಷಯ ಲೇಬರ್ ಆಫೀಸಿಗೆ ಹೋದ್ಮೇಲೆ ಲಾಯರ್ ಮೊದಲು ಕೇಳೋದು ಪೇಪರ್ ಏನಿದೆ ಅಂತ, ಆಗ ನೋಡಿದ್ರೆ ರಾತ್ರಿ ಸಿಟ್ಟಲ್ಲಿ ಹಾಕಿದ ನಾಲ್ಕು ವಾಟ್ಸಾಪ್ ಮೆಸೇಜ್ ಬಿಟ್ರೆ ಏನೂ ಇರಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳೋದು ಒಂದೇ, ಮೊದಲು ಎದುರು ಕೂತು ಮಾತಾಡಿ, ಮಾತಾಡಿದ್ದನ್ನ ಅದೇ ದಿನ ಬರೆದಿಡಿ, ಬರೆಯುವಾಗ ನಡೆದದ್ದನ್ನ ಮಾತ್ರ ಬರೀರಿ.

ನೇಮಕಾತಿ ಪತ್ರದಿಂದ ಶುರು ಮಾಡಿ. ಹೊಸ ಲೇಬರ್ ಕೋಡ್‌ಗಳು, ಅಂದ್ರೆ ಕೇಂದ್ರದ ಹೊಸ ಕಾರ್ಮಿಕ ಕಾನೂನುಗಳು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ, ನೇಮಕಾತಿ ಪತ್ರ ಕೊಡೋದು ಈಗ ಓನರ್ ಮರ್ಜಿ ಅಲ್ಲ, ಕಡ್ಡಾಯ. ಹುದ್ದೆ, ಸಂಬಳ, ಕೆಲಸದ ಟೈಮು, ನೋಟಿಸ್ ಪೀರಿಯಡ್, ರಜೆ, ಇಷ್ಟು ಅವ್ರಿಗೆ ಓದಿ ಅರ್ಥ ಆಗೋ ಭಾಷೇಲಿ ಇರಲಿ, ಒಂದು ಕಾಪಿಗೆ ಸಹಿ ತಗೊಳ್ಳಿ.

ಈಗ ತಪ್ಪು ನಡೆದಾಗ ಏನು ಮಾಡೋದು ಅನ್ನೋದು, ಜಾಸ್ತಿ ಜನ ಎಡವೋದು ಇಲ್ಲೇ. ಒಬ್ರು ದಿನಾ ಲೇಟಾಗಿ ಬರ್ತಾರೆ ಅಂದ್ಕೊಳ್ಳಿ. "ನಿಮಗೆ ಜವಾಬ್ದಾರಿನೇ ಇಲ್ಲ" ಅಂತ ಮೇಲ್ ಹಾಕಿದ್ರೆ ಅದರಲ್ಲಿ ನಿಮ್ಮ ಸಿಟ್ಟು ಇದೆ ಹೊರತು ಮಾಹಿತಿ ಏನೂ ಇಲ್ಲ. ಅದೇ "3ನೇ ತಾರೀಖು 9:50ಕ್ಕೆ, 5ನೇ ತಾರೀಖು 10:10ಕ್ಕೆ ಬಂದಿದ್ದೀರಿ, ಶಿಫ್ಟ್ ಶುರು ಆಗೋದು 9:00ಕ್ಕೆ" ಅಂತ ಇದ್ರೆ ಯಾರು ಓದಿದ್ರೂ ವಿಷಯ ಗೊತ್ತಾಗುತ್ತೆ. ಆದ್ರೆ ಇದನ್ನ ಕಳಿಸೋ ಮುಂಚೆ ರೂಮಿಗೆ ಕರೆದು ಯಾಕೆ ಲೇಟಾಗ್ತಿದೆ ಅಂತ ಕೇಳಿ, ಮನೇಲಿ ಯಾರಿಗಾದ್ರೂ ಹುಷಾರಿಲ್ದೇ ಇರಬಹುದು, ಶಿಫ್ಟ್ ಬದಲಾಯಿಸಿದ್ರೆ ಮುಗಿದು ಹೋಗೋ ವಿಷಯನೂ ಆಗಿರಬಹುದು. ಕೇಳಿದ್ಮೇಲೆ ಸಂಜೆ ಒಳಗೆ ಎರಡು ಮೂರು ಸಾಲಿನ ಮೇಲ್ ಹಾಕಿ, ಇವತ್ತು ಈ ಬಗ್ಗೆ ಮಾತಾಡಿದ್ವಿ, ನೀವು ಈ ಕಾರಣ ಹೇಳಿದ್ರಿ, ಮುಂದಿನ ವಾರದಿಂದ ಹೀಗೆ ಅಂತ ತೀರ್ಮಾನ ಆಯ್ತು, ನಾನು ಬರೆದದ್ದರಲ್ಲಿ ತಪ್ಪಿದ್ರೆ ತಿಳಿಸಿ. ಆ ಕೊನೇ ಮಾತು ತುಂಬಾ ಮುಖ್ಯ, ಅವ್ರ ಕಡೆ ಮಾತೂ ದಾಖಲೆಗೆ ಬರಬೇಕು, ಅದು ನ್ಯಾಯ ಕೂಡ ಹೌದು.

ಇದಾದ್ಮೇಲೂ ಸರಿಹೋಗಿಲ್ಲ, ಇಲ್ಲಾ ವಿಷಯನೇ ದೊಡ್ಡದು, ಸ್ಟಾಕ್ ಕಾಣ್ತಿಲ್ಲ, ಹೊಡೆದಾಟ ಆಗಿದೆ ಅಂದ್ರೆ ಶೋಕಾಸ್ ನೋಟಿಸ್, ಅಂದ್ರೆ ಆರೋಪ ಹೇಳಿ ಉತ್ತರ ಕೇಳೋ ಪತ್ರ, ಕೊಡ್ಬೇಕು. ಇದರಲ್ಲಿ ತೀರ್ಪು ಬರೀಬೇಡಿ. "ನೀವು ಕಳ್ಳತನ ಮಾಡಿದ್ದೀರಿ, ಕೆಲಸದಿಂದ ಯಾಕೆ ತೆಗೀಬಾರದು" ಅಂತ ಬರೆದ್ರೆ ವಿಚಾರಣೆಗೆ ಮುಂಚೆನೇ ನೀವು ತೀರ್ಮಾನ ಮಾಡ್ಬಿಟ್ಟಿದ್ದೀರಿ ಅಂತ ಆಗುತ್ತೆ, ಮುಂದೆ ಎಷ್ಟು ಸರಿಯಾಗಿ ಎನ್‌ಕ್ವೈರಿ ಮಾಡಿದ್ರೂ ಎದುರು ಪಾರ್ಟಿ ಲಾಯರ್ ಅದೇ ಒಂದು ಸಾಲು ಹಿಡ್ಕೊಂಡು ಕೂರ್ತಾರೆ. ಇಂಥ ದಿನ, ಇಷ್ಟು ಗಂಟೆಗೆ, ಇಷ್ಟು ಮಾಲು ಕಮ್ಮಿ ಬಂದಿದೆ, ಆ ಹೊತ್ತಲ್ಲಿ ನೀವು ಡ್ಯೂಟಿಲಿದ್ರಿ ಅಂತ ಆರೋಪ ಇದೆ, ಇಷ್ಟು ದಿನದೊಳಗೆ ಉತ್ತರ ಕೊಡಿ, ಅಷ್ಟೇ. ಉತ್ತರ ಕೊಡೋಕೆ ನಿಜವಾಗ್ಲೂ ಸಾಕಾಗುವಷ್ಟು ಟೈಮ್ ಕೊಡಿ, ಸಾಯಂಕಾಲ ಕೊಟ್ಟು ಬೆಳಿಗ್ಗೆ ಉತ್ತರ ಕೇಳೋದಲ್ಲ. ತಗೊಳ್ಳಲ್ಲ ಅಂದ್ರೆ ಇಬ್ರು ಸಾಕ್ಷಿ ಸಹಿ ಹಾಕಿಸಿ, ಸ್ಪೀಡ್ ಪೋಸ್ಟಲ್ಲಿ ಮನೆ ಅಡ್ರೆಸ್‌ಗೆ ಕಳಿಸಿ ರಸೀದಿ ಇಟ್ಕೊಳ್ಳಿ.

ಎನ್‌ಕ್ವೈರಿ ಮಾಡೋರು ದೂರು ಕೊಟ್ಟವರೋ ಸಾಕ್ಷಿಗಳೋ ಆಗಿರಬಾರದು, ಓನರ್ ತಾನೇ ಕೂತ್ಕೊಂಡ್ರಂತೂ ಯಾರೂ ನಂಬಲ್ಲ. ದಾಖಲೆಗಳನ್ನ ಆರೋಪ ಇರೋರಿಗೆ ತೋರಿಸ್ಬೇಕು, ಸಾಕ್ಷಿಗಳಿಗೆ ಅವ್ರು ಪ್ರಶ್ನೆ ಕೇಳೋಕೆ ಬಿಡ್ಬೇಕು, ದಿನದ ಕೊನೆಗೆ ಪ್ರತಿ ಪುಟಕ್ಕೂ ಎಲ್ಲರ ಸಹಿ. ಮಧ್ಯದಲ್ಲಿ ಸಸ್ಪೆಂಡ್ ಮಾಡಿದ್ರೆ ಸಂಬಳ ಪೂರ್ತಿ ನಿಲ್ಲಿಸ್ಬೇಡಿ, ಸಸ್ಪೆನ್ಷನ್ ಅಂದ್ರೆ ಶಿಕ್ಷೆ ಅಲ್ಲ. ಸ್ಟ್ಯಾಂಡಿಂಗ್ ಆರ್ಡರ್ಸ್, ಅಂದ್ರೆ ಕಾನೂನು ಪ್ರಕಾರ ಬರೆದಿಟ್ಟ ಕೆಲಸದ ನಿಯಮಗಳು, ಇರೋ ದೊಡ್ಡ ಕಂಪನಿಗಳಲ್ಲಿ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ತಡ ಅವ್ರಿಂದ ಆಗಿಲ್ಲ ಅಂದ್ರೆ 75 ಪರ್ಸೆಂಟ್ ಕೊಡ್ಬೇಕು ಅಂತ ಇದೆ, ಸಣ್ಣ ಕಂಪನಿಯವರೂ ಅದೇ ಲೆಕ್ಕ ಇಟ್ಕೊಂಡ್ರೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ವಾಟ್ಸಾಪ್ ಬಗ್ಗೆ. ಗ್ರೂಪಲ್ಲಿ ಯಾರನ್ನೂ ಹೆಸರು ಹಿಡಿದು ಬೈಬೇಡಿ, ಅದು ಮಾನನಷ್ಟದ ಕೇಸಿಗೆ ದಾರಿ ಮಾಡುತ್ತೆ, ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯನಿಗೆ ಎಲ್ಲರ ಎದುರು ಆಗೋ ಅವಮಾನ ಯಾವ ಕ್ಷಮೆಯಿಂದಲೂ ಹೋಗಲ್ಲ. ಗ್ರೂಪ್ ಇರೋದು ಶಿಫ್ಟ್, ರಜೆ, ಡೆಲಿವರಿ ವಿಷಯಕ್ಕೆ ಮಾತ್ರ. ಮೆಸೇಜ್‌ಗಳೂ ಕೋರ್ಟಲ್ಲಿ ಸಾಕ್ಷಿ ಆಗ್ತವೆ, ಆದ್ರೆ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ, ಆ ಮೆಸೇಜ್ ಯಾವ ಫೋನಿಂದ ಹೇಗೆ ತೆಗೆದದ್ದು ಅಂತ ಹೇಳೋ ಸರ್ಟಿಫಿಕೇಟ್ ಜೊತೆಗೆ ಕೊಡ್ಬೇಕು, ಬರೀ ಸ್ಕ್ರೀನ್‌ಶಾಟ್ ತಗೊಂಡು ಹೋದ್ರೆ ಸಾಲಲ್ಲ. ಜಗಳ ಶುರು ಆದ್ಮೇಲೆ ಚಾಟ್ ಡಿಲೀಟ್ ಮಾಡೋಕಂತೂ ಹೋಗ್ಲೇಬೇಡಿ.

ಹೆಣ್ಮಕ್ಕಳು ಲೈಂಗಿಕ ಕಿರುಕುಳದ ದೂರು ಕೊಟ್ರೆ ಮೇಲೆ ಹೇಳಿದ ದಾರಿ ಅಲ್ಲ, ಅದಕ್ಕೆ 2013ರ ಕಾಯ್ದೆ ಇದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ ಆಂತರಿಕ ಸಮಿತಿ ಇರ್ಲೇಬೇಕು, ಅಧ್ಯಕ್ಷರು ಸೀನಿಯರ್ ಮಹಿಳೆ, ಕಮ್ಮಿ ಅಂದ್ರೂ ಅರ್ಧ ಸದಸ್ಯರು ಮಹಿಳೆಯರು, ಒಬ್ರು ಹೊರಗಿನವರು. ಸಮಿತಿ ಮಾಡದೇ ಇದ್ರೆ 50,000 ರೂಪಾಯಿ ತನಕ ದಂಡ. ದೂರು ಘಟನೆ ಆದ ಮೂರು ತಿಂಗಳೊಳಗೆ ಕೊಡ್ಬೇಕು, ಕಾರಣ ಇದ್ರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ವಿಚಾರಣೆ 90 ದಿನದಲ್ಲಿ ಮುಗೀಬೇಕು. ಆ ಹುಡುಗಿನ ಕರೆದು "ಹೋಗ್ಲಿ ಬಿಡಮ್ಮ, ಅಡ್ಜಸ್ಟ್ ಮಾಡ್ಕೋ" ಅನ್ನೋರು ಇವತ್ತಿಗೂ ಇದ್ದಾರೆ, ದಯವಿಟ್ಟು ಆ ಮಾತು ಆಡ್ಬೇಡಿ. ದೂರನ್ನ ಸಮಿತಿಗೆ ಕೊಡಿ, ಹೆಸರು ಎಲ್ಲೂ ಹೊರಗೆ ಹೋಗದ ಹಾಗೆ ನೋಡ್ಕೊಳ್ಳಿ, ದೂರು ಕೊಟ್ಟಿದ್ದಕ್ಕೆ ಅವ್ರ ಶಿಫ್ಟೋ ಇನ್‌ಕ್ರಿಮೆಂಟೋ ಕೆಡಬಾರದು.

ಬೇರೆ ಕುಂದುಕೊರತೆಗಳಿಗೆ, 20 ಅಥವಾ ಜಾಸ್ತಿ ವರ್ಕರ್ಸ್ ಇದ್ರೆ ಗ್ರೀವೆನ್ಸ್ ಕಮಿಟಿ ಬೇಕು, ಓನರ್ ಕಡೆಯವರು, ವರ್ಕರ್ಸ್ ಕಡೆಯವರು ಸಮಸಮ ಇರಬೇಕು, ಅರ್ಜಿ ಬಂದ 30 ದಿನದಲ್ಲಿ ಮುಗಿಸ್ಬೇಕು.

ಯಾರಾದ್ರೂ ಬಿಟ್ಟು ಹೋಗುವಾಗಲೂ ಹುಷಾರು. ಎದುರು ನಿಂತು ಬಲವಂತವಾಗಿ ರಾಜೀನಾಮೆ ಬರೆಸ್ಕೊಂಡ್ರೆ ಅದು ರಾಜೀನಾಮೆನೇ ಅಲ್ಲ ಅಂತ ವಾದ ಬರುತ್ತೆ. ಅವ್ರೇ ಬಿಡ್ಲಿ, ನೀವೇ ತೆಗೀರಿ, ಬಾಕಿ ಸಂಬಳ ಎರಡು ವರ್ಕಿಂಗ್ ಡೇ ಒಳಗೆ ಕೊಡ್ಬೇಕು, ಗ್ರಾಚ್ಯುಟಿ ಇದ್ರೆ 30 ದಿನದೊಳಗೆ. ಹೆರಿಗೆ ರಜೇಲಿ ಇರೋರನ್ನ ತೆಗೆಯೋ ಯೋಚನೆ ಬೇಡ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಿಡಿದಿಟ್ಕೊಳ್ಳೋದು, ರಿಲೀವಿಂಗ್ ಲೆಟರ್ ಕೊಡದೇ ಸತಾಯಿಸೋದು ಇವೆಲ್ಲ ಮಾಡ್ಬೇಡಿ, ಬೇರೆ ಕಂಪನಿಯವರು ಫೋನ್ ಮಾಡಿ ವಿಚಾರಿಸಿದ್ರೆ ಯಾವತ್ತಿಂದ ಯಾವತ್ತಿನ ತನಕ, ಯಾವ ಹುದ್ದೆ, ಇಷ್ಟು ಹೇಳಿದ್ರೆ ಸಾಕು.

ಲಾಯರ್ ಹತ್ರ ಟರ್ಮಿನೇಷನ್ ಲೆಟರ್ ಕೊಟ್ಟ ಮೇಲೆ ಓಡೋದಲ್ಲ, ಕೊಡೋ ಮುಂಚೆ ಹೋಗಿ. ಹೋಗುವಾಗ ನೇಮಕಾತಿ ಪತ್ರ, ಅಟೆಂಡೆನ್ಸ್, ಮೇಲ್‌ಗಳು, ಶೋಕಾಸ್ ನೋಟಿಸು, ಅವ್ರು ಕೊಟ್ಟ ಉತ್ತರ, ಎಲ್ಲಾ ತಾರೀಖಿನ ಪ್ರಕಾರ ಜೋಡಿಸಿ ತಗೊಂಡು ಹೋಗಿ, ನಿಮಗೆ ಅನುಕೂಲ ಇಲ್ಲದ ಪೇಪರ್‌ಗಳನ್ನೂ ಸೇರಿಸಿ.